ಜಿನ್‌ಸೆಂಗ್ ಶುರು ಮಾಡುವ ಮುಂಚೆ
ಕೊರಿಯಾ ಕಡೆಯಿಂದ ಯಾರಾದರೂ ಜಿನ್‌ಸೆಂಗ್ ಅನ್ನುವ ಔಷಧಿ ಬೇರು ತಂದುಕೊಟ್ಟರೆ ಮೊದಲು ಡಬ್ಬಿಯ ಮೇಲೆ ಬಿಳಿ ಅಂತ ಇದೆಯೋ ಕೆಂಪು ಅಂತ ಇದೆಯೋ ಓದಿ. ಬಿಳಿ ಅಂದರೆ ಬೇರನ್ನು ಹಾಗೇ ಒಣಗಿಸಿದ್ದು. ಕೆಂಪು ಅಂದರೆ ಹಬೆಯಲ್ಲಿ ಬೇಯಿಸಿ ಒಣಗಿಸಿದ್ದು. ಗಿಡ ಒಂದೇ. ಅಲ್ಲಿ 6 ವರ್ಷ ಬೆಳೆದ ಬೇರಿಗೆ ಬೆಲೆ ಜಾಸ್ತಿ. ನಮ್ಮಲ್ಲಿ ‘ಇಂಡಿಯನ್ ಜಿನ್‌ಸೆಂಗ್’ ಅಂತ ಮಾರುವುದು ಅಶ್ವಗಂಧ, ಬೇರೆಯೇ ಗಿಡ.

ಹೊಸಬರಿಗೆ ಒಣಬೇರಿನ ತೆಳು ಚೂರು 1 ಗ್ರಾಂನಷ್ಟು ಸಾಕು. ಸಣ್ಣ ಉರಿಯಲ್ಲಿ ಕುದಿಸಿ ಬೆಳಗ್ಗೆ ಕುಡಿಯಿರಿ. ಕಹಿ ಇರುತ್ತದೆ, ಜೇನು ಹಾಕಿಕೊಳ್ಳಬಹುದು. ರಾತ್ರಿ ಬೇಡ, ಕೆಲವರಿಗೆ ನಿದ್ದೆ ಹಾರಿಹೋಗುತ್ತದೆ. ಒಂದೇ ದಿನಕ್ಕೆ ಸುಸ್ತು ಮಾಯ ಅನ್ನುವುದೆಲ್ಲ ಸುಮ್ನೆ ಜಾಹೀರಾತು.

ಶುಗರ್ ಮಾತ್ರೆ ಅಥವಾ ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಬಸುರಿಯರಿಗೂ ಬೇಡ.