ಚಕ್ರ ಮಾರಿ ಜೋಗಿಮಟ್ಟಿ ಹತ್ತಿದ್ದು

ಸೈಕಲ್ಲಿನ ಹಗುರವಾದ ಕಾರ್ಬನ್ ಚಕ್ರಗಳನ್ನು ಮಾರುತ್ತೇನೆ ಎಂದಾಗ ನಮ್ಮ ಭಾನುವಾರದ ಸೈಕಲ್ ಗುಂಪು ನಕ್ಕಿತು. "ಇನ್ನೇನು, ಕ್ಯಾರಿಯರ್ ಹಾಕಿಸಿಕೊಂಡು ಹಾಲು ಮಾರುತ್ತೀರಾ?" ಎಂದರು. 38 ಸಾವಿರಕ್ಕೆ ಕೊಂಡದ್ದು 21 ಸಾವಿರಕ್ಕೆ ಹೋಯಿತು. ಮನೆಯಲ್ಲಿ ಇಂದಿಗೂ ನಿಜವಾದ ಲೆಕ್ಕ ಹೇಳಿಲ್ಲ.

ಅವುಗಳಿಂದ ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಗುಡ್ಡದ ಏರಿನಲ್ಲಿ ಉಳಿದದ್ದು ಹೆಚ್ಚೆಂದರೆ 40 ಸೆಕೆಂಡು. ಮೊದಲು 42 ನಿಮಿಷ, ಆಮೇಲೆ 41 ಚಿಲ್ಲರೆ. ಅದೂ ಗಾಳಿಯಿಲ್ಲದ ದಿನ. ಆಷಾಢದಲ್ಲಿ ದಾವಣಗೆರೆಯ ಕಡೆ ಹೊರಟರೆ ಆ ಚಕ್ರಗಳ ಅಗಲ ಪಕ್ಕದ ರಿಮ್ಮಿಗೆ ಅಡ್ಡಗಾಳಿ ಬಡಿದು ಸೈಕಲ್ಲು ಲಾರಿಯತ್ತ ವಾಲುತ್ತಿತ್ತು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ.

ಹಳೆಯ ಅಲ್ಯೂಮಿನಿಯಂ ಚಕ್ರ ಹಾಕಿ ತುಳಿತ ತಿದ್ದಲು ಕುಳಿತೆ. ನಿಮಿಷಕ್ಕೆ 60 ಸುತ್ತು ತುಳಿಯುತ್ತಿದ್ದವನು ಒಮ್ಮೆಲೇ 100ಕ್ಕೆ ಹೋದೆ. ಸೀಟಿನ ಮೇಲೆ ಕುಪ್ಪಳಿಸಿ ತೊಡೆ ಉಜ್ಜಿಹೋಗಿ ಎರಡು ವಾರ ಮನೆಯಲ್ಲಿದ್ದೆ. 80ರ ಆಸುಪಾಸು ನನಗೆ ಒಗ್ಗಿತು. ಬಲಮೊಣಕಾಲು ಮೇಲೆ ಬರುವುದನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುತ್ತಿದ್ದೆ, ಅಷ್ಟೇ. ಏರು ಶುರುವಾದ ಮೇಲೆ ಗೇರ್ ಬದಲಿಸುವ ಚಾಳಿ ಬಿಡಿಸಿದ್ದು ಮಾತ್ರ ಚೈನು: ಒಮ್ಮೆ ಕಳಚಿಕೊಂಡು ಮೊಣಕಾಲು ಹ್ಯಾಂಡಲ್ಲಿಗೆ ಬಡಿಯಿತು.

ಇಳಿಜಾರು ಇನ್ನೂ ದುಬಾರಿಯಾಯಿತು. ತಿರುವಿನ ನಡುವೆ ಬ್ರೇಕ್ ಹಿಡಿದೆ, ಜಲ್ಲಿಯ ಮೇಲೆ ಹಿಂಚಕ್ರ ಜಾರಿತು, ಮೊಣಕೈ ಚರ್ಮ ಹೋಯಿತು. ಎಕ್ಸ್‌ರೇ, ಔಷಧ ಸೇರಿ ಸುಮಾರು 1,400 ರೂಪಾಯಿ. ಮರುವಾರದಿಂದ ಖಾಲಿ ಮೈದಾನದಲ್ಲಿ ಇಟ್ಟಿಗೆ ಚೂರುಗಳನ್ನಿಟ್ಟು ಸುತ್ತತೊಡಗಿದೆ. ಬ್ರೇಕ್ ತಿರುವಿಗೆ ಮೊದಲೇ ಮುಗಿಯಬೇಕು. ಹೊರಗಿನ ಪೆಡಲ್ ಪೂರ್ತಿ ಕೆಳಗೆ, ಮೈಭಾರವೆಲ್ಲ ಅದರ ಮೇಲೆ, ಕಣ್ಣು ತಿರುವಿನ ಕೊನೆಯಲ್ಲಿ. ಮುಂಚಕ್ರ ನೋಡಿದಿರೋ, ಇಟ್ಟಿಗೆಗೇ ಹೋಗುತ್ತೀರಿ. ವಾಕಿಂಗ್ ಬಂದ ಹಿರಿಯರೊಬ್ಬರು "ಏನಪ್ಪಾ, ಲೈಸೆನ್ಸಿಗೆ ಎಂಟು ಹಾಕುತ್ತೀಯಾ?" ಎಂದು ಕೇಳಿದ್ದರು.

ನಡುವೆ ಮಂಡಕ್ಕಿಯ ಪ್ರಯೋಗವೂ ನಡೆಯಿತು. ಸವಾರಿಯ ನಡುವೆ ಶಕ್ತಿಗೆಂದು ತಿನ್ನುವ ಜೆಲ್ ಪೊಟ್ಟಣದ ದುಡ್ಡು ಉಳಿಯಲೆಂದು ಬೆನ್ನಿನ ಜೇಬಿಗೆ ತುಂಬಿಕೊಂಡೆ. ಅರ್ಧ ಗಾಳಿಗೆ ಹೋಯಿತು, ಅರ್ಧ ಬೆವರಿಗೆ ಮೆತ್ತಗಾಯಿತು. ಶೇಂಗಾ ಚಿಕ್ಕಿಯೇ ವಾಸಿ. 28 ಮಿ.ಮೀ. ಅಗಲದ ಟೈರಿಗೆ 100 ಪಿಎಸ್‌ಐ ಒತ್ತಡದ ಗಾಳಿ ತುಂಬುವುದನ್ನೂ ಬಿಟ್ಟು 75ಕ್ಕೆ ಇಳಿಸಿದೆ, ಮುಂದಿನದಕ್ಕೆ ಇನ್ನೂ ತುಸು ಕಡಿಮೆ. ನನ್ನ ತೂಕ 68 ಕೆಜಿ, ನಿಮ್ಮ ಲೆಕ್ಕ ನೀವು ಮಾಡಿಕೊಳ್ಳಿ.

ನಾಲ್ಕು ತಿಂಗಳಾದ ಮೇಲೆ ಅದೇ ಏರು 35 ನಿಮಿಷಕ್ಕೆ ಬಂತು. ಹೊಸ ಖರ್ಚೆಂದರೆ ಬ್ರೇಕ್ ರಬ್ಬರು, ದೊಡ್ಡ ಹಲ್ಲುಚಕ್ರಕ್ಕೆ 32 ಹಲ್ಲಿರುವ ಕ್ಯಾಸೆಟ್ಟು (ಹಿಂಚಕ್ರದ ಗೇರ್ ಗುಚ್ಛ). ಎರಡೂ ಸೇರಿ ಮೂರು ಸಾವಿರದೊಳಗೆ. ಕೊನೆಯ ಕಡಿದಾದ ತುಂಡಿಗೆ ಮುಂಚೆ ನಾನು ಮಾಡುವ ಒಂದು ಕೆಲಸವಿದೆ. ಗುಂಪಿನವರೂ ಇದನ್ನು ಓದುತ್ತಾರಾದ್ದರಿಂದ ಬರೆಯುವುದಿಲ್ಲ.

ಚಕ್ರ ಕೊಂಡವರು ಈಗ 15 ಸಾವಿರಕ್ಕೆ ವಾಪಸ್ ಕೊಡುತ್ತೇನೆ ಎನ್ನುತ್ತಿದ್ದಾರೆ. ಗಾಳಿ ಇಳಿಯಲಿ, ನೋಡೋಣ ಎಂದಿದ್ದೇನೆ.