ಆನ್‌ಲೈನ್ ಓದಿಗೆ ಕೂರುವ ಜಾಗವನ್ನು ಸಜ್ಜುಗೊಳಿಸುವುದು

ಆನ್‌ಲೈನ್ ತರಗತಿಗೆಂದು ದುಬಾರಿ ಸಲಕರಣೆ ಕೊಳ್ಳುವ ಮೊದಲು ಕೂರುವ ಜಾಗವನ್ನು ಸರಿಪಡಿಸಿಕೊಳ್ಳಿ ಎಂಬುದು ನನ್ನ ಸಲಹೆ. ಲ್ಯಾಪ್‌ಟಾಪ್‌ನಲ್ಲಿ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ, ಕೈಗೆ ಅನುಕೂಲವಾದ ಎತ್ತರದಲ್ಲಿಟ್ಟರೆ ಕತ್ತು ಬಗ್ಗುತ್ತದೆ, ಕಣ್ಣಿನ ಮಟ್ಟಕ್ಕೆ ಏರಿಸಿದರೆ ಭುಜ ನೋಯುತ್ತದೆ. ಆದ್ದರಿಂದ ಗಾಳಿಯಾಡುವ ಕಿಂಡಿಗಳು ಮುಚ್ಚದಂತೆ ಅದನ್ನು ದಪ್ಪ ಪುಸ್ತಕಗಳ ಮೇಲಿಟ್ಟು, ಪರದೆಯ ಮೇಲಂಚು ಕಣ್ಣಿನ ನೇರಕ್ಕೆ ಅಥವಾ ತುಸು ಕೆಳಗೆ ಬರುವಂತೆ ಮಾಡಿ, ಪ್ರತ್ಯೇಕ ಕೀಲಿಮಣೆ ಮತ್ತು ಮೌಸ್ ಜೋಡಿಸಿಕೊಳ್ಳಿ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಆರಾಮ ಕೊಡುವ ಬೇರೆ ಮಾರ್ಪಾಡು ನನಗೆ ಕಂಡಿಲ್ಲ. ಪರದೆ ಸುಮಾರು 50ರಿಂದ 70 ಸೆಂಟಿಮೀಟರ್ ದೂರದಲ್ಲಿರಲಿ. ಕಿಟಕಿ ಬೆನ್ನ ಹಿಂದಿದ್ದರೆ ಅದರ ಬೆಳಕು ಪರದೆಯ ಮೇಲೆ ಹೊಳೆಯುವುದಲ್ಲದೆ ಕ್ಯಾಮೆರಾದಲ್ಲಿ ಮುಖವೂ ಕಪ್ಪಾಗಿ ಕಾಣುತ್ತದೆ. ಪಕ್ಕದಿಂದ ಬರುವ ಬೆಳಕೇ ಒಳ್ಳೆಯದು.

ಧ್ವನಿಗೆ ಮೈಕ್ ಇರುವ ಸಾಧಾರಣ ಇಯರ್‌ಫೋನ್ ಸಾಕು.

ವೈಫೈ ವಿಷಯದಲ್ಲಿ ಒಂದು ಮಾತು: ಹಲವು ರೌಟರ್‌ಗಳು (ಮನೆಯೊಳಗೆ ವೈಫೈ ಹರಡುವ ಪೆಟ್ಟಿಗೆಗಳು) 5 ಮತ್ತು 2.4 ಗಿಗಾಹರ್ಟ್ಸ್ ಎಂಬ ಎರಡು ತರಂಗಪಟ್ಟಿಗಳಲ್ಲಿ ಸಂಪರ್ಕ ಕೊಡುತ್ತವೆ. 5 ಗಿಗಾಹರ್ಟ್ಸ್ ಸಂಪರ್ಕ ವೇಗವಾದುದಾದರೂ ಗೋಡೆಗಳನ್ನು ದಾಟುವಾಗ ಬೇಗ ಕುಂದುತ್ತದೆ. ರೌಟರ್ ಬೇರೆ ಕೋಣೆಯಲ್ಲಿದ್ದು ಪಾಠ ಪದೇ ಪದೇ ತಡೆಯುತ್ತಿದ್ದರೆ 2.4 ಗಿಗಾಹರ್ಟ್ಸ್‌ಗೆ ಬದಲಿಸಿ ನೋಡಿ. ಪರೀಕ್ಷೆಯಿರುವ ದಿನ ಮಾತ್ರ, ಸಾಧ್ಯವಾದರೆ, ರೌಟರ್‌ನಿಂದ ನೇರವಾಗಿ ಕೇಬಲ್ ಎಳೆದುಕೊಳ್ಳಿ. ಹಿಂದಿನ ದಿನವೇ ಅದನ್ನು ಜೋಡಿಸಿ, ವಿಡಿಯೊ ಕರೆಯೊಂದನ್ನು ಮಾಡಿ ಪರೀಕ್ಷಿಸಿಕೊಳ್ಳಿ.