ಮೊದಲು ಕಾಲು, ಆಮೇಲೆ ಅಪರ್ಚರ್

ಕ್ಯಾಮೆರಾ ಕೈಗೆ ಬಂದ ಹೊಸತರಲ್ಲಿ ಬಹಳ ಮಂದಿಗೆ ಹಿನ್ನೆಲೆಯನ್ನು ಮಸುಕಾಗಿಸುವ ಹುಚ್ಚು ಹಿಡಿಯುತ್ತದೆ. ನನಗೂ ಹಿಡಿದಿತ್ತು. 50 ಮಿ.ಮೀ. ಲೆನ್ಸಿನ ಅಪರ್ಚರನ್ನು, ಅಂದರೆ ಬೆಳಕು ಒಳಬಿಡುವ ಕಿಂಡಿಯನ್ನು, ಎಫ್/1.8ರಷ್ಟು ಅಗಲಕ್ಕೆ ತೆರೆದಿಟ್ಟು ವರ್ಷವಿಡೀ ಫೋಟೊ ಹೊಡೆದೆ. ದೊಡ್ಡ ಪರದೆಯ ಮೇಲೆ ನೋಡಿದರೆ ಎಷ್ಟೋ ಚಿತ್ರಗಳಲ್ಲಿ ಮೂಗಿನ ತುದಿ ಚೂಪು, ಕಣ್ಣು ಮಂಜು. ಹಿಂದಿನ ಕಂಬವೇನೋ ಮಸುಕಾಗಿತ್ತು, ಆದರೆ ತಲೆಯಿಂದಲೇ ಮೊಳೆತಂತೆ ನಿಂತಿತ್ತು! ಕಂಬದಿಂದ ಪಾರಾಗಲು ಒಂದು ಹೆಜ್ಜೆ ಎಡಕ್ಕೆ ಸರಿದಿದ್ದರೆ ಸಾಕಿತ್ತು.

ಹಾಗಾಗಿ ಅಪರ್ಚರ್ ಮುಟ್ಟುವ ಮೊದಲು ನಿಂತ ಜಾಗ ಬದಲಿಸಿ. ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯದೆ ವಸ್ತುವಿನ ಸುತ್ತ ಒಮ್ಮೆ ನಡೆಯಿರಿ, ಮಂಡಿಯೂರಿ ನೋಡಿ. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ನಿಂತಲ್ಲಿಂದಲೇ ತೆಗೆದರೆ ಮುಖಕ್ಕಿಂತ ನೆಲವೇ ಹೆಚ್ಚು ಬರುತ್ತದೆ. ಅವರ ಕಣ್ಣಿನ ಮಟ್ಟಕ್ಕೆ ಇಳಿದರೆ ಚಿತ್ರವೇ ಬೇರೆ.

ಈಗ ಫ್ರೇಮ್ ಕಟ್ಟಿ. ಅಡ್ಡಕ್ಕೆ ಎರಡು, ಉದ್ದಕ್ಕೆ ಎರಡು ಗೆರೆ ಎಳೆದು ಒಂಬತ್ತು ಮನೆ ಮಾಡುವ ಮೂರನೇ ಒಂದರ ಸೂತ್ರ ನಿಮಗೆ ಗೊತ್ತೇ ಇರುತ್ತದೆ. ಆ ಗ್ರಿಡ್ ಈಗ ಫೋನುಗಳಲ್ಲೂ ಇದೆ. ಗೆರೆಗಳು ಕೂಡುವ ಕಡೆ ಮುಖ್ಯ ವಸ್ತು ಇಡುವುದು ಒಳ್ಳೆಯ ಆರಂಭ, ಅಷ್ಟೇ. ನೀರಿನ ಪ್ರತಿಬಿಂಬವನ್ನೋ ಉದ್ದನೆಯ ಮೊಗಸಾಲೆಯನ್ನೋ ನಟ್ಟನಡುವೆ ಇಟ್ಟರೇ ಚೆಂದ. ನನ್ನ ಮಟ್ಟಿಗೆ ಈ ಸೂತ್ರಕ್ಕಿಂತ ದೊಡ್ಡದು ಅಂಚು. ಕ್ಲಿಕ್ಕಿಸುವ ಮುನ್ನ ಕಣ್ಣನ್ನು ಚೌಕಟ್ಟಿನ ನಾಲ್ಕೂ ಅಂಚಿನಲ್ಲಿ ಓಡಿಸಿ: ಅರ್ಧ ಕತ್ತರಿಸಿದ ಕೈ, ಮೂಲೆಯಲ್ಲಿ ಹೊಳೆಯುವ ಪ್ಲಾಸ್ಟಿಕ್ ಚೀಲ, ಓರೆಯಾದ ದಿಗಂತ ಎಲ್ಲ ಅಲ್ಲೇ ಸಿಕ್ಕಿಬೀಳುತ್ತವೆ.

ಇಷ್ಟಾದ ಮೇಲೆ ಅಪರ್ಚರ್. ಎಫ್ ಪಕ್ಕದ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದಾಗುವುದು ಎಲ್ಲರನ್ನೂ ಗೊಂದಲಗೊಳಿಸುತ್ತದೆ. ಅದು ಭಾಗಾಕಾರ, ಅದಕ್ಕೇ ಹಾಗೆ. ಲೆನ್ಸಿನ ಫೋಕಲ್ ಲೆಂಗ್ತನ್ನು (ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಅಳತೆ) ಎಫ್ ಪಕ್ಕದ ಸಂಖ್ಯೆಯಿಂದ ಭಾಗಿಸಿ: 50 ಮಿ.ಮೀ. ಲೆನ್ಸಿನಲ್ಲಿ ಎಫ್/2 ಅಂದರೆ 25 ಮಿ.ಮೀ. ಅಗಲದ ಕಿಂಡಿ, ಎಫ್/8 ಅಂದರೆ ಆರು ಮಿ.ಮೀ. ಚಿಲ್ಲರೆ. 2, 2.8, 4, 5.6, 8, 11, 16 ಎಂದು ಒಂದೊಂದು ಮೆಟ್ಟಿಲು ಹತ್ತಿದಂತೆ ಒಳಬರುವ ಬೆಳಕು ಅರ್ಧರ್ಧವಾಗುತ್ತದೆ.

ಕಿಂಡಿ ಕಿರಿದಾದಂತೆ ಹಿಂದೆ ಮುಂದೆ ಚೂಪಾಗಿ ಕಾಣುವ ಪಟ್ಟಿ ಅಗಲವಾಗುತ್ತದೆ. ಫುಲ್ ಫ್ರೇಮ್ (ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ ಅದೇ 50 ಮಿ.ಮೀ. ಲೆನ್ಸ್ ಹಾಕಿ ಒಂದು ಮೀಟರ್ ದೂರದಿಂದ ಎಫ್/1.8ರಲ್ಲಿ ತೆಗೆದರೆ ಆ ಪಟ್ಟಿ ಸುಮಾರು ನಾಲ್ಕು ಸೆಂ.ಮೀ. ಮಾತ್ರ. ನನ್ನ ಮೂಗು-ಕಣ್ಣಿನ ಕಥೆ ಇದೇ. ಎಫ್/5.6ಕ್ಕೆ ಹೋದರೆ ಹದಿಮೂರರ ಆಸುಪಾಸು. ಇನ್ನೊಂದು ದಾರಿಯೂ ಇದೆ: ಎಫ್/1.8ರಲ್ಲೇ ಉಳಿದು ಎರಡು ಮೀಟರ್ ದೂರ ನಿಂತರೆ ಪಟ್ಟಿ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಇಲ್ಲೂ ಕಾಲೇ ಕೆಲಸ ಮಾಡುತ್ತದೆ.

ಕ್ಯಾಮೆರಾ ಜೊತೆಗೇ ಬರುವ, ಎಫ್/3.5ರಿಂದ 5.6ಕ್ಕಿಂತ ಅಗಲಕ್ಕೆ ತೆರೆಯದ ಕಿಟ್ ಲೆನ್ಸ್ ಇರುವವರು ಕೊರಗಬೇಕಿಲ್ಲ. ಜೂಮನ್ನು 55 ಮಿ.ಮೀ.ಗೆ ಎಳೆದು, ವ್ಯಕ್ತಿಗೆ ಹತ್ತಿರ ಹೋಗಿ, ಅವರನ್ನು ಗೋಡೆಯಿಂದ ನಾಲ್ಕೈದು ಮೀಟರ್ ಮುಂದೆ ನಿಲ್ಲಿಸಿ. ಹಿನ್ನೆಲೆ ತಾನಾಗಿ ಕರಗುತ್ತದೆ.

ಕ್ಯಾಮೆರಾವನ್ನು ಅಪರ್ಚರ್ ಪ್ರಯಾರಿಟಿಗೆ (ಕಿಂಡಿಯನ್ನು ನೀವು, ಬೆಳಕು ಒಳಬರುವ ಹೊತ್ತನ್ನು ಕ್ಯಾಮೆರಾ ಆರಿಸುವ ಕ್ರಮ), ಅಂದರೆ ‘ಎ’ ಅಥವಾ ‘ಎವಿ’ಗೆ ಇಡಿ. ಒಬ್ಬರ ಮುಖಕ್ಕೆ ಎಫ್/2.8ರ ಸುತ್ತಮುತ್ತ, ಫೋಕಸ್ ಹತ್ತಿರದ ಕಣ್ಣಿಗೆ. ಎರಡು ಸಾಲಿನ ಗುಂಪಿಗೆ 5.6 ಅಥವಾ 8. ಬೆಟ್ಟ ಬಯಲಿಗೆ 8ರಿಂದ 11. ಎಲ್ಲವೂ ಚೂಪಾಗಲೆಂದು 22ಕ್ಕೆ ಓಡಬೇಡಿ: ಅಷ್ಟು ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಂಡು ಇಡೀ ಚಿತ್ರವೇ ಮೆತ್ತಗಾಗುತ್ತದೆ.

ಒಂದು ಕಣ್ಣು ಶಟರ್ ವೇಗದ, ಅಂದರೆ ಬೆಳಕು ಒಳಬರುವ ಆ ಹೊತ್ತಿನ, ಮೇಲಿರಲಿ. ಎಫ್/4ರಲ್ಲಿ 1/200 ಸೆಕೆಂಡ್ ಸಿಗುತ್ತಿದ್ದರೆ ಎಫ್/8ರಲ್ಲಿ 1/50ಕ್ಕೆ ಇಳಿಯುತ್ತದೆ. ಆಗ ಓಡುವ ಮಗು ಗೆರೆಯಾಗುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ) ಏರಿಸಿ, ಹೆದರಬೇಡಿ. ತುಸು ಕಾಳುಕಾಳಾದ ಚಿತ್ರವನ್ನು ಸರಿಪಡಿಸಬಹುದು, ಅಲುಗಿದ್ದನ್ನು ಸರಿಪಡಿಸುವುದು ಕಷ್ಟ.

ಅಭ್ಯಾಸಕ್ಕೆ ಕಿಟಕಿಯ ಪಕ್ಕದ ಮೇಜಿನ ಮೇಲೆ ಮೂರು ಲೋಟಗಳನ್ನು ಗೇಣಿಗೊಂದರಂತೆ ಹಿಂದೆ ಹಿಂದೆ ಇಡಿ. ನಡುವಿನದಕ್ಕೆ ಫೋಕಸ್ ಮಾಡಿ, ನಿಂತಲ್ಲಿಂದ ಕದಲದೆ ನಿಮ್ಮ ಲೆನ್ಸಿನ ಅತಿ ಸಣ್ಣ ಸಂಖ್ಯೆಯಲ್ಲಿ, ಆಮೇಲೆ 5.6ರಲ್ಲಿ, 11ರಲ್ಲಿ ಒಂದೊಂದು ತೆಗೆಯಿರಿ. ಬಳಿಕ ಒಂದು ಹೆಜ್ಜೆ ಹಿಂದೆ ಸರಿದು ಅದೇ ಮೂರನ್ನು ಮತ್ತೆ ತೆಗೆದು, ಆರನ್ನೂ ಅಕ್ಕಪಕ್ಕ ಇಟ್ಟು ನೋಡಿ.